ಓಡದೆ ನಿಂತ ಎಲ್ಕ್

ಏಪ್ರಿಲ್ 9, ಮಂಗಳವಾರ

ಸರ್ಕಾರ ನನ್ನ ಅಪ್ಪಣೆ ಕೇಳಿದೆ. ತೆರಿಗೆ ವಸೂಲಿಯಲ್ಲಿ ಇಷ್ಟು ವಿನಯ ನಾನು ಕಂಡಿರಲಿಲ್ಲ. "ಮಾನ್ಯ ಭೂಮಾಲೀಕ ವರ್ಲಿನ್ ಆಸ್ಟ್ರೆಮ್ ಅವರೇ" ಎಂದು ಶುರುವಾಗುವ ಕಾಗದ, ರಾಜ್ಯದ ವನ್ಯಜೀವಿ ಇಲಾಖೆಯದು. ಹೋದ ನವೆಂಬರಿನ ಬೇಟೆಯಲ್ಲಿ ನಮ್ಮ ಟೋರ್ಪ್ ಕಣಿವೆಯಲ್ಲಿ ಬಿದ್ದ ಮೂರು ಜಿಂಕೆಗಳ ಮಿದುಳಿನಲ್ಲಿ ಸೊರಗು ರೋಗ ಸಿಕ್ಕಿದೆಯಂತೆ. ಅದು ದೂರದ ಪಶ್ಚಿಮದ ಬೆಟ್ಟಗಳ ರೋಗ. ವಿಸ್ಕಾನ್ಸಿನ್‌ನ ಈ ಮೂಲೆಗೆ ಹೇಗೆ ಬಂತೆಂದು ತಿಳಿಯಬೇಕಾಗಿದೆ. ಆದ್ದರಿಂದ ಇಲಾಖೆಯ ಗುರಿಕಾರರು ನನ್ನ ನೂರ ಅರವತ್ತು ಎಕರೆಯೊಳಗೆ ಬಂದು ಒಂದಷ್ಟು ಜಿಂಕೆ ಹೊಡೆದು, ತಲೆಗಳನ್ನು ಪರೀಕ್ಷೆಗೆ ಒಯ್ಯಬಹುದೇ? ಹೌದು, ಇಲ್ಲ. ಎರಡು ಚೌಕ, ಒಂದು ಸಹಿ.

ತಲೆ ತೆಗೆಯುವ ಸರ್ಕಾರಗಳ ಬಗ್ಗೆ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಅರ್ಜಿ ಹಾಕಿಕೊಂಡು ತಲೆ ತೆಗೆಯುವ ಸರ್ಕಾರ ಇದೇ ಮೊದಲು.

ಮಧ್ಯಾಹ್ನ ಹೆಂಡತಿ ಆರ್ಲಿಸ್‌ಳ ತಮ್ಮ ಗೋರ್ಡಿ ಬಂದ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ.

"ಭಾವ, 'ಇಲ್ಲ' ಅನ್ನೋ ಚೌಕಕ್ಕೆ ಗೀಟು ಹಾಕಿದ್ಯಾ?"

"ಚೌಕ ಕೊಟ್ಟಿದಾರೆ, ಒಂಚೂರು ಚೌಕಾಸಿನಾದ್ರೂ ಮಾಡೋಣ ತಡಿ."

"ತಮಾಷೆ ಆಮೇಲೆ. ನೀನೊಂದು ಕಾಗದ ಬರಿ. ಕಣಿವೆಯ ಹತ್ತೊಂಬತ್ತು ಜನ ಮಾಲೀಕರೂ ಸಹಿ ಹಾಕ್ತಾರೆ. ಒಬ್ಬನೂ ಒಳಗೆ ಬಿಡಕೂಡ್ದು. ನಿನ್ನ ಭಾಷೆಗೆ ಇಲಾಖೆ ಬೆವರಬೇಕು."

ಬರೆದೆ. ಅಜ್ಜಂದಿರು ಕಲ್ಲು ಹೆಕ್ಕಿ ಹಸನು ಮಾಡಿದ ನೆಲ, ಬೇಲಿಯೇ ನಮ್ಮ ಸಂವಿಧಾನ ಇತ್ಯಾದಿ. ಓದಿ ನೋಡಿದರೆ ನನಗೇ ಎದೆ ಉಬ್ಬಿತು. ಗೋರ್ಡಿ ಟೊಪ್ಪಿ ತೆಗೆದು ಕೇಳಿದ.

ಕಾಗದದ ಜೊತೆ ಒಂದು ಕರಪತ್ರವೂ ಇತ್ತು, ರೋಗದ ಲಕ್ಷಣಗಳದು. ಪ್ರಾಣಿ ಬಡಕಲಾಗುತ್ತದೆ, ತಲೆ ಜೋಲು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಪದೇ ಪದೇ ನೀರು ಕುಡಿಯುತ್ತದೆ. ಕೊನೆಯ ಸಾಲು: "ಮನುಷ್ಯನನ್ನು ಕಂಡರೂ ಓಡುವುದಿಲ್ಲ." ಅಲ್ಲಿಗೆ ಬಂದಾಗ ಕನ್ನಡಕ ಮಸುಕಾದಂತಿತ್ತು. ಒರೆಸಿಕೊಂಡು ಮತ್ತೆ ಓದಿದೆ. ಕರಪತ್ರವನ್ನು ಹಳೆಯ ಪೇಪರುಗಳ ಕಟ್ಟಿಗೆ ಸೇರಿಸಿದೆ.

ಏಪ್ರಿಲ್ 14, ಭಾನುವಾರ

ಚರ್ಚಿನಿಂದ ಬಂದವನು ನಡುಮನೆಯ ಗೋಡೆಯ ಮೇಲಿನ ಎಲ್ಕ್ ಕೊಂಬನ್ನು ಇಳಿಸಿದೆ. ಎಲ್ಕ್ ಅಂದರೆ ಜಿಂಕೆಯ ದೊಡ್ಡಣ್ಣ, ಕೊಂಬೂ ಅದೇ ಲೆಕ್ಕ. ಧೂಳು ಕೂತಿತ್ತು.

"ನಾಲ್ಕು ವರ್ಷದಿಂದ ಕಾಣದ ಧೂಳು ಇವತ್ತು ಕಂಡಿತಾ, ವರ್ಲಿನ್?" ಎಂದಳು ಆರ್ಲಿಸ್.

"ತಲೆಗೆ ಕೊಂಬು ಬಂದೋನು ಒಂದಲ್ಲ ಒಂದು ದಿನ ಇಳಿಸಲೇಬೇಕಲ್ಲ."

ಒರೆಸಿದ ಮೇಲೆ ಮತ್ತೆ ನೇತುಹಾಕುವುದು ಬೇಡವೆನಿಸಿತು. ಮೊಳೆ ಸಡಿಲವಾಗಿದೆ. ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲಿನ ಹಿಂದೆ ಇಟ್ಟೆ. ಗೋಡೆಯ ಮೇಲೆ ಈಗ ಅದರ ಆಕಾರದ ಬಿಳಿ ಗುರುತು ಉಳಿದಿದೆ. ಬಣ್ಣ ಬಳಿಯಬೇಕು.

ಏಪ್ರಿಲ್ 19, ಶುಕ್ರವಾರ

ಶುಕ್ರವಾರವಾದ್ದರಿಂದ ಪೇಟೆಯ ಹೆಂಡದಂಗಡಿಯಲ್ಲಿ ಹುರಿದ ಮೀನು. ಕಣಿವೆಗೆ ಕಣಿವೆಯೇ ಅಲ್ಲಿತ್ತು. ನನ್ನ ಕಾಗದದ ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ್ದರು. ಹದಿನೇಳು ಸಹಿ ಬಿದ್ದಿದೆ.

ಮಾತೆಲ್ಲ ಲೈಲ್ ಕ್ವಾಮಿಯ ಮೇಲೆ. ಲೈಲ್ ನನ್ನ ಪಕ್ಕದ ಜಮೀನಿನವನು. ಎಂಟಡಿ ಬೇಲಿಯೊಳಗೆ ಮೂವತ್ತೆಂಟು ಜಿಂಕೆ ಸಾಕಿಕೊಂಡಿದ್ದಾನೆ. ಹೆಣ್ಣುಜಿಂಕೆಯ ಮೂತ್ರ ಹಿಡಿದು, ಬಾಟಲಿಯಲ್ಲಿ ತುಂಬಿ, ಗಂಡುಜಿಂಕೆಯನ್ನು ಮರುಳು ಮಾಡಲು ಬೇಟೆಗಾರರಿಗೆ ಮಾರುತ್ತಾನೆ. ಮೂತ್ರವೇ ಮೂಲಧನ ಎಂದು ಹಿಂದೆ ನಾನೇ ಹೇಳಿದ್ದೆ. ಅದಕ್ಕೆ ಲೈಲ್ ಕೂಡ ನಕ್ಕಿದ್ದ.

"ಹೊರಗಿನಿಂದ ಜಿಂಕೆ ತಂದೋನು ಅವನೊಬ್ಬನೇ," ಎಂದ ಗೋರ್ಡಿ. "ಪಶ್ಚಿಮದ ರೋಗ ನಡ್ಕೊಂಡು ಬರತ್ತಾ? ಅವನ ಬೇಲಿಯಿಂದಲೇ ದಾಟಿದ್ದು."

ಎಲ್ಲರೂ ನನ್ನ ಕಡೆ ನೋಡಿದರು. ಮೇಷ್ಟ್ರು ಏನಾದರೂ ಅನ್ನಲಿ ಎಂದು ಕಾಯುವ ಆ ನೋಟ ನನಗೆ ಗೊತ್ತು. ಮೂವತ್ತು ವರ್ಷದಿಂದ ಅದೇ ನನ್ನ ಊಟ. "ಅದು ಜಿಂಕೆಗಳ ಸೆರೆಮನೆ ಅಂದ್ಕೊಂಡಿದ್ವಿ," ಎಂದೆ. "ಈಗ ನೋಡಿದ್ರೆ ಸೊರಗುಮನೆ."

ಮೇಜು ಕುಟ್ಟಿ ನಕ್ಕರು. ಆಗಲೇ ಲೈಲ್ ಒಳಗೆ ಬಂದದ್ದು. ನಗು ನಿಂತಿತು. ಅವನು ಒಬ್ಬನೇ ಕೂತು ಮೀನು ತಿಂದ.

ಅವನು ಹೋದ ಮೇಲೆ ಯಾರೋ ಎಲ್ಕ್ ಕಥೆ ಹೇಳಿ ಎಂದರು. ನನ್ನ ಕೊಲೊರಾಡೊ ಬೇಟೆಯ ಕಥೆ ಕೇಳದೆ ಈ ಊರಲ್ಲಿ ಯಾವ ಹಬ್ಬವೂ ಮುಗಿದಿಲ್ಲ. ಗಾಳಿಗೆದುರಾಗಿ ಒಂದೂವರೆ ತಾಸು ಹೊಟ್ಟೆಯ ಮೇಲೆ ತೆವಳಿದ್ದು, ನಲವತ್ತು ಹೆಜ್ಜೆ ದೂರದಲ್ಲಿ ಅದು ತಲೆಯೆತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ರಾಜನಂತೆ ನಿಂತದ್ದು. ಗಂಟಲು ಕೆಟ್ಟಿದೆ ಎಂದೆ. ನಿಜವಾಗಿಯೂ ಕೆಟ್ಟಿತ್ತು, ಮೀನಿನ ಮುಳ್ಳಿರಬೇಕು.

ಮೇ 2, ಗುರುವಾರ

ಗೇಟಿನ ಹತ್ತಿರ ಇಲಾಖೆಯ ಹಸಿರು ಗಾಡಿ. ಇಳಿದು ಬಂದವಳು ರೆನಾಟಾ ಪ್ಲಿಸ್ಕಾ. ಗೇಟಿನ ಆಚೆಯೇ ನಿಂತಳು, ಚಿಲಕವನ್ನೂ ಮುಟ್ಟಲಿಲ್ಲ.

"ಮೇಷ್ಟ್ರೇ, ಗುರುತು ಸಿಕ್ತಾ? ಎರಡನೇ ಬೆಂಚು, ಕಿಟಕಿ ಪಕ್ಕ."

"ಸಿಗದೆ ಏನು. ನೆಪೋಲಿಯನ್ ಸೋತ ಇಸವಿ ಬರೆಯೋ ಜಾಗದಲ್ಲಿ ಅವನ ಕುದುರೆ ಬರೆದೋಳು."

"ಅದಕ್ಕೆ ಅರ್ಧ ಅಂಕ ಕೊಟ್ಟಿದ್ರಿ."

"ಕುದುರೆ ಚೆನ್ನಾಗಿತ್ತು."

ನಕ್ಕಳು. ಆಮೇಲೆ ಗಾಡಿಯ ಮೂತಿಯ ಮೇಲೆ ನಕ್ಷೆ ಹರಡಿದಳು. ರೋಗದ ಜಿಂಕೆ ಬಿದ್ದಲ್ಲೆಲ್ಲ ಕೆಂಪು ಚುಕ್ಕೆ. ರಸ್ತೆಬದಿಯಲ್ಲಿ ಸತ್ತುಬಿದ್ದವನ್ನೂ ಸೇರಿಸಿ ಈಗ ಒಂಬತ್ತು. ಒಂಬತ್ತೂ ಲೈಲ್‌ನ ಬೇಲಿಯ ಆಸುಪಾಸಿನಲ್ಲಿ, ಉಂಗುರದ ಅರ್ಧದ ಹಾಗೆ. ಉಳಿದರ್ಧ ಇರಬೇಕಾದ ಕಡೆ ದೊಡ್ಡದೊಂದು ಬಿಳಿ ಚೌಕ.

"ಇಲ್ಲಿ ಯಾಕೆ ಏನೂ ಇಲ್ಲ?" ಎಂದೆ.

"ಅದು ನೀವು, ಮೇಷ್ಟ್ರೇ."

ನಾನು ಏನೋ ಒಂದು ಹೇಳಬೇಕಿತ್ತು. ಬಿಳಿಯ ಮೇಲೆ ಒಳ್ಳೊಳ್ಳೆಯ ಮಾತುಗಳಿವೆ. ಒಂದೂ ಬರಲಿಲ್ಲ.

"ನೀವು ಬೇಡ ಅಂದ್ರೆ ನಾನು ಒಳಗೆ ಕಾಲಿಡಲ್ಲ," ಎಂದಳು. "ಕಾನೂನೂ ಅದೇ, ನನ್ನ ಮಾತೂ ಅದೇ. ಆದ್ರೆ ಇರೋ ಚುಕ್ಕೆಗಳನ್ನ ನೋಡಿ ಮೇಲಿನೋರು ಲೈಲ್ ಕಡೆ ಬೆರಳು ತೋರಿಸ್ತಿದಾರೆ. ಸೆಪ್ಟೆಂಬರ್‌ವರೆಗೂ ಬೇರೆ ಮೂಲ ಸಿಗದಿದ್ರೆ ಅವನ ಮಂದೆ ಪೂರ್ತಿ ಹೊಡೆಸ್ತಾರೆ. ಎಲ್ಲ ಮೂವತ್ತೆಂಟೂ."

"ಅವನದೇ ಅಲ್ಲ ಅಂತ ನಿನಗೇನು ಗೊತ್ತು?"

"ಗೊತ್ತಿಲ್ಲ. ಅದಕ್ಕೇ ಬಂದಿದೀನಿ."

ಯೋಚಿಸುತ್ತೇನೆ ಎಂದೆ. ಅವಳು ಗೇಟಿನ ಕಂಬಕ್ಕೆ ತನ್ನ ಫೋನ್ ನಂಬರಿನ ಚೀಟಿ ಸಿಕ್ಕಿಸಿ ಹೋದಳು. ತತ್ವ ತತ್ವವೇ. ಹಳೆಯ ವಿದ್ಯಾರ್ಥಿನಿ ಎಂದು ತತ್ವ ಬಿಡಲಾಗದು.

ಮೇ 5, ಭಾನುವಾರ

ಹಿಂದಿನ ಬೇಲಿ ನೋಡಿಬರೋಣವೆಂದು ಕೊರಕಲಿನ ಕಡೆ ಹೋದೆ.

ಬೇಲಿ ಸರಿಯಾಗಿದೆ.

ಮೇ 12, ಭಾನುವಾರ

ಮತ್ತೆ ಬೇಲಿ ನೋಡಲು ಹೋದೆ. ಈ ಪುಸ್ತಕವನ್ನು ಆರ್ಲಿಸ್ ಮುಟ್ಟುವುದಿಲ್ಲ. ಇಲ್ಲಿ ಬರೆಯುವುದಕ್ಕೇನು.

ಬೇಟೆಯ ನಂತರ ಮಾಂಸ ಬಿಡಿಸಿ ಉಳಿದ ಮೂಳೆ, ಚರ್ಮ, ತಲೆಗಳನ್ನು ಜಮೀನಿನ ಹಿಂದಿನ ಕೊರಕಲಿಗೆ ಎಸೆಯುವುದು ಇಲ್ಲಿ ಎಲ್ಲರ ಮನೆಯ ರೂಢಿ. ಕಾಗೆ, ನರಿಗಳು ಒಂದು ವಾರದಲ್ಲಿ ಚೊಕ್ಕಟ ಮಾಡುತ್ತವೆ. ನನ್ನ ಅಜ್ಜ ಎಸೆದ, ಅಪ್ಪ ಎಸೆದ. ನಾಲ್ಕು ವರ್ಷದ ಹಿಂದೆ ಎಲ್ಕನ್ನೂ ಹಾಗೇ ಮಾಡಿದೆ. ಕೊಲೊರಾಡೊದಿಂದ ಇಡಿಯಾಗಿ ಹೇರಿಕೊಂಡು ಬಂದೆ, ಕೊಂಬು ಗರಗಸದಲ್ಲಿ ಕೊಯ್ದೆ, ತಲೆ ಮತ್ತು ಬೆನ್ನೆಲುಬನ್ನು ಕೊರಕಲಿಗೆ ಎಸೆದೆ. ಅಲ್ಲೇ ಅಂಚಿನಲ್ಲಿ ನನ್ನ ಬೇಟೆಯ ಅಟ್ಟಣೆ ಇದೆ. ಜಿಂಕೆಗಳು ಬರಲೆಂದು ಪ್ರತಿವರ್ಷ ಅದರ ಕೆಳಗೆ ಉಪ್ಪಿನ ಗಟ್ಟಿ ಇಡುತ್ತೇನೆ. ಉಪ್ಪು ಕರಗಿ ಕೊರಕಲಿಗೇ ಇಳಿಯುತ್ತದೆ. ಜಿಂಕೆಗಳು ಆ ಮಣ್ಣನ್ನು ನೆಕ್ಕಿ ನೆಕ್ಕಿ ಮೊಣಕಾಲುದ್ದ ಗುಂಡಿ ಮಾಡಿವೆ. ಸತ್ತ ಪ್ರಾಣಿಯಿಂದ ರೋಗ ಮಣ್ಣಿಗಿಳಿದು ವರ್ಷಗಟ್ಟಲೆ ಉಳಿಯುತ್ತದೆ ಎಂದು ಕರಪತ್ರದಲ್ಲಿತ್ತು.

ಗುಂಡಿಯ ಪಕ್ಕದಲ್ಲಿ ಆ ಬೆನ್ನೆಲುಬಿನ ನಾಲ್ಕು ಮಣಿ ಇನ್ನೂ ಇವೆ. ಜಿಂಕೆಯದಕ್ಕಿಂತ ಎರಡು ಪಟ್ಟು ದೊಡ್ಡವು. ಯಾರು ನೋಡಿದರೂ ಗೊತ್ತಾಗುತ್ತದೆ.

ಆದರೆ ಒಂದು ಎಲ್ಕ್ ಎಂದರೆ ಒಂದು ಎಲ್ಕ್. ಸಾವಿರ ಕಾರಣಗಳಿರಬಹುದು. ಲೈಲ್‌ನ ಅಪ್ಪ ಎಲ್ಲಿಂದ ಜಿಂಕೆ ತಂದಿದ್ದನೋ ಯಾರಿಗೆ ಗೊತ್ತು.

ಮೇ 26, ಭಾನುವಾರ

ಲೈಲ್‌ನ ಅಂಚೆಪೆಟ್ಟಿಗೆಯ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ "ಸೊರಗುಮನೆ" ಎಂದು ಬರೆದಿದ್ದಾರೆ. ಅಕ್ಷರ ಚೆನ್ನಾಗಿದೆ. ನನ್ನ ವಿದ್ಯಾರ್ಥಿಗಳಲ್ಲೇ ಯಾರೋ ಇರಬೇಕು.

ಇನ್ನು ಪೇಟೆಗೆ ಮೇಲಿನ ರಸ್ತೆಯಿಂದ ಹೋಗುತ್ತೇನೆ. ನಾಲ್ಕು ಮೈಲಿ ಹೆಚ್ಚು. ನೋಟ ಚೆನ್ನಾಗಿದೆ.

ಜೂನ್ 14, ಶುಕ್ರವಾರ

ಮೀನಿಗೆ ಹೋಗಲಿಲ್ಲ.

ಜೂನ್ 28, ಶುಕ್ರವಾರ

ಹೋಗಲಿಲ್ಲ. ಹತ್ತೊಂಬತ್ತರಲ್ಲಿ ಹದಿನೆಂಟು ಸಹಿಯಾಗಿದೆ ಎಂದು ಗೋರ್ಡಿ ಫೋನ್ ಮಾಡಿದ. ಬಾಕಿ ಒಬ್ಬ ಲೈಲ್. ಅವನು ಏಪ್ರಿಲಿನಲ್ಲೇ ಇಲಾಖೆಗೆ ಗೇಟು ತೆರೆದನಂತೆ. "ನೋಡು, ಬೇಲಿ ಕಟ್ಟಿದೋನೇ ಬೇಲಿ ಬಿಚ್ಚಿದ," ಎಂದ ಗೋರ್ಡಿ. ನನ್ನಂತೆ ಮಾತಾಡಲು ನೋಡುತ್ತಿದ್ದಾನೆ. ಕೇಳಲು ಹಿತವಾಗಿರಲಿಲ್ಲ.

ಜುಲೈ 11, ಗುರುವಾರ

ಆರ್ಲಿಸ್ ಬಟಾಣಿ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು.

"ಆ ಎಲ್ಕ್ ಮಾಂಸದಲ್ಲಿ ಕೊಬ್ಬೇ ಇರಲಿಲ್ಲ. ನೆನಪಿದೆಯಾ? ಸಾಸೇಜಿಗೆ ಹಂದಿಯ ಕೊಬ್ಬು ತರಿಸಿ ಬೆರೆಸಿದ್ದೆ."

"ಬೆಟ್ಟದ ಪ್ರಾಣಿ. ಹತ್ತಿ ಇಳಿದು ಗಟ್ಟಿ."

"ಹೂಂ. ಎಷ್ಟು ಮನೆಗೆ ಕೊಟ್ಟಿದ್ವಿ?"

"ಏಳೋ ಎಂಟೋ."

"ಲೈಲ್‌ಗೂ ಕೊಟ್ಟಿದ್ವಿ."

"ಮನುಷ್ಯರಿಗೆ ಬಂದಿದ್ದು ಇದುವರೆಗೂ ಕಂಡಿಲ್ಲ ಅಂತ ಕರಪತ್ರದಲ್ಲೇ ಇದೆ."

ಆಗ ತಲೆ ಎತ್ತಿದಳು. "ನಾನು ಕರಪತ್ರದ ಮಾತೇ ಎತ್ತಲಿಲ್ಲ, ವರ್ಲಿನ್."

ಎದ್ದು ಹೋಗಿ ಕಳೆ ಕೀಳುವ ಕೆಲಸ ಹುಡುಕಿಕೊಂಡೆ.

ಆಗಸ್ಟ್ 8, ಗುರುವಾರ

ಲೈಲ್ ಮನೆಗೆ ಬಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮುಂಬಾಗಿಲು ತಟ್ಟಿ ಬಂದ. ಯಾವಾಗಲೂ ಅಡುಗೆಮನೆಯ ಬಾಗಿಲಿನಿಂದ ನುಗ್ಗುತ್ತಿದ್ದವನು.

"ಮೇಷ್ಟ್ರೇ, ನನಗೆ ಒಂದು ಕಾಗದ ಬರೆದುಕೊಡ್ಬೇಕು," ಎಂದ. "ನನ್ನ ಕೈಲಿ ಆಗಲ್ಲ. ಬರೆಯೋಕೆ ಕೂತ್ರೆ ಬೈಗುಳಾನೇ ಬರತ್ತೆ."

ಇಲಾಖೆಗೆ ಮನವಿ. ಹನ್ನೊಂದು ವರ್ಷದಿಂದ ಹೊರಗಿನಿಂದ ಒಂದು ಜಿಂಕೆಯನ್ನೂ ತಂದಿಲ್ಲ, ಎಲ್ಲವೂ ಬೇಲಿಯೊಳಗೇ ಹುಟ್ಟಿದವು, ಒಂದೂ ಸೊರಗಿಲ್ಲ, ಕೊಲ್ಲುವ ಮೊದಲು ಬೇರೆಡೆ ಹುಡುಕಿ ಎಂದು ಬರೆಯಬೇಕು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಕಿಕೊಂಡು ಕೂತೆ. ಅವನು ಜಿಂಕೆಗಳ ಪಟ್ಟಿ ಕೊಟ್ಟ. ಹೆಣ್ಣುಗಳಿಗೆಲ್ಲ ತನ್ನ ಅತ್ತೆಯರ ಹೆಸರಿಟ್ಟಿದ್ದಾನೆ. ಇಂಗಾ ಅತ್ತೆ, ಬೋರ್ಗಿಲ್ಡ್ ಅತ್ತೆ, ಸಿಗ್ನಿ ಅತ್ತೆ.

"ಬೋರ್ಗಿಲ್ಡ್ ಅಂತ ಇರೋಳು ನಿಜವಾದ ಬೋರ್ಗಿಲ್ಡ್ ಅತ್ತೆ ಹಂಗೇ," ಎಂದ. "ಊಟ ತಡ ಆದ್ರೆ ಒದೀತಾಳೆ."

ಬರೆದೆ. ನನ್ನ ಜೀವನದಲ್ಲಿ ಇಷ್ಟು ಒಳ್ಳೆಯ ಕಾಗದ ಬರೆದಿಲ್ಲ. ಒಂದು ಶ್ಲೇಷೆ ಇಲ್ಲ, ಒಂದು ಚೇಷ್ಟೆ ಇಲ್ಲ. "ಬೇರೆಡೆ ಹುಡುಕಿ" ಎಂಬ ಸಾಲು ಬರೆಯುವಾಗ ಪೆನ್ನು ನಿಂತಿತು. ಶಾಯಿ ಮುಗಿದಿರಬೇಕೆಂದು ಇನ್ನೊಂದು ತೆಗೆದುಕೊಂಡೆ.

ಲೈಲ್ ಓದಿ ಮಡಿಸಿ ಜೇಬಿಗಿಟ್ಟುಕೊಂಡ. ಬಾಗಿಲಲ್ಲಿ ನಿಂತು ಹೇಳಿದ, "ಆ ಸೊರಗುಮನೆ ಅನ್ನೋ ಮಾತು ಗೋರ್ಡಿದು ಅಲ್ವಾ? ಅವನಿಗೆ ಅಷ್ಟು ತಲೆ ಇಲ್ಲ ಅಂತ ನಮ್ಮಣ್ಣ ಅಂತಾನೆ. ನಾನು ಮಾತ್ರ ಗೋರ್ಡಿನೇ ಅಂದೆ."

 ಅವನು ಗೇಟು ದಾಟುವವರೆಗೂ ಬಾಗಿಲು ಹಿಡಿದುಕೊಂಡಿದ್ದೆ.

ಸೆಪ್ಟೆಂಬರ್ 3, ಮಂಗಳವಾರ

ಮನವಿ ತಿರಸ್ಕಾರವಾಯಿತು. ಬೇರೆಡೆ ಹುಡುಕಲು ಬೇರೆಡೆಯ ಮಾಲೀಕರು ಒಪ್ಪಿಲ್ಲ ಎಂದು ಕಾರಣ ಕೊಟ್ಟಿದ್ದಾರೆ. ನಾಡಿದ್ದು ಗುರುವಾರ ಲೈಲ್‌ನ ಮಂದೆ ಹೊಡೆಯುತ್ತಾರೆ.

ರೆನಾಟಾಳ ಚೀಟಿ ಎಲ್ಲಿಟ್ಟೆನೋ ಎಂದು ಹುಡುಕಿದೆ. ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಸೆಪ್ಟೆಂಬರ್ 5, ಗುರುವಾರ

ಕೊಟ್ಟಿಗೆಯ ಬಾಗಿಲಿಗೆ ಒಂದು ಜೋಡಿ ಕೀಲು ಬೇಕಾಗಿತ್ತು. ಬೆಳಿಗ್ಗೆ ಆರಕ್ಕೇ ಹೊರಟು ಎಪ್ಪತ್ತು ಮೈಲಿ ದೂರದ ಮ್ಯಾಡಿಸನ್‌ಗೆ ಹೋದೆ. ನಮ್ಮ ಪೇಟೆಯಲ್ಲಿ ಸಿಗುವ ಕೀಲು ಒಳ್ಳೆಯದಲ್ಲ. ಅಂಗಡಿಯವನು ಎಷ್ಟು ದೊಡ್ಡದು ಬೇಕೆಂದ. ಅಳತೆ ತಂದಿರಲಿಲ್ಲ. ಮೂರು ಅಳತೆಯವನ್ನೂ ಕೊಂಡೆ. ಊಟ ಮಾಡಿದೆ, ಕೆರೆಯ ದಂಡೆಯಲ್ಲಿ ಬಾತುಕೋಳಿ ನೋಡಿದೆ, ಸಂಜೆ ಐದರವರೆಗೂ ನೋಡಿದೆ.

ಮನೆಗೆ ಬಂದಾಗ ಆರ್ಲಿಸ್ ಹೇಳಿದಳು. ಎಲ್ಲ ಹನ್ನೊಂದು ಗಂಟೆಗೇ ಮುಗಿಯಿತು. ಲೈಲ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದನಂತೆ. ಗಾಬರಿಯಾಗಿ ಬೇಲಿಗೆ ಬಡಿದುಕೊಳ್ಳುವುದು ಬೇಡ ಎಂದು. ಕರೆದರೆ ಬರುತ್ತಿದ್ದವಂತೆ.

"ನೀನು ಹೋಗಿದ್ದೆಯಾ?" ಎಂದೆ.

"ಯಾರಾದ್ರೂ ಹೋಗ್ಬೇಕಿತ್ತಲ್ಲ."

ಕೀಲುಗಳಲ್ಲಿ ಒಂದೂ ಸರಿಹೊಂದಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಫಲಿತಾಂಶ ಬಂತು. ಮೂವತ್ತೆಂಟು ತಲೆ. ಒಂದರಲ್ಲೂ ರೋಗವಿಲ್ಲ.

ಗೋರ್ಡಿಯನ್ನು ಪೆಟ್ರೋಲ್ ಬಂಕಿನಲ್ಲಿ ಕಂಡೆ. "ಕಾಯಿಲೆದನ್ನ ಮೊದಲೇ ಎಲ್ಲೋ ಹೂತುಬಿಟ್ಟಿರ್ತಾನೆ ಬಿಡು," ಎಂದ. ಪಕ್ಕದಲ್ಲಿದ್ದ ಇಬ್ಬರು ತಲೆಯಾಡಿಸಿದರು. ಒಬ್ಬ ನನ್ನ ಮಾತನ್ನೇ ನನಗೆ ಹೇಳಿ, ಸೊರಗುಮನೆ ಖಾಲಿಯಾಯಿತು ಎಂದು ನಕ್ಕ.

"ಗೋರ್ಡಿ, ಆ ಎಲ್ಕ್," ಎಂದೆ.

"ಯಾವ ಎಲ್ಕ್?"

"ನಿನಗೆ ಗೊತ್ತು."

ಅವನು ಪೆಟ್ರೋಲ್ ಕೊಳವೆ ಸಿಕ್ಕಿಸಿ ನನ್ನ ಹತ್ತಿರ ಬಂದ. ದನಿ ತಗ್ಗಿಸಿದ. "ಭಾವ, ಆ ಲಾರಿ ನಂದು. ಹೇರಿಕೊಂಡು ಬಂದೋನು ನಾನು. ನೀನು ಬಾಯಿ ಬಿಟ್ರೆ ಇಬ್ಬರ ಹೆಸರೂ ಹೋಗತ್ತೆ. ಲೈಲ್‌ದು ಹೆಂಗೂ ಹೋಗಿದೆ. ಸತ್ತ ಜಿಂಕೆ ಎದ್ದು ಬರತ್ತಾ?"

ಅವನು ಕೆಟ್ಟವನಲ್ಲ. ಐದು ತಿಂಗಳಿಂದ ಇದೇ ಮಾತನ್ನು ನಾನೇ ನನಗೆ ಹೇಳಿಕೊಳ್ಳುತ್ತಿದ್ದೇನೆ, ಇನ್ನೂ ಒಳ್ಳೆಯ ಭಾಷೆಯಲ್ಲಿ.

ಲೈಲ್ ಜಮೀನು ಮಾರುತ್ತಾನಂತೆ. ಅವನ ಬಾಟಲಿ ಕೊಳ್ಳುವವರು ಈಗ ಯಾರೂ ಇಲ್ಲ.

ಅಕ್ಟೋಬರ್ 1, ಮಂಗಳವಾರ

ರೆನಾಟಾಳಿಗೆ ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಬಂದಳು. ಗೇಟಿನ ಆಚೆ ನಿಂತಳು. ನಾನು ತೆರೆದೆ. ಆಮೇಲೂ ಅವಳು ನಿಂತೇ ಇದ್ದಳು.

"ಒಳಗೆ ಬಾ ಅಂತ ಬಾಯಲ್ಲಿ ಹೇಳ್ಬೇಕು, ಮೇಷ್ಟ್ರೇ."

"ಒಳಗೆ ಬಾ."

ಕೊರಕಲಿಗೆ ಕರೆದುಕೊಂಡು ಹೋದೆ. ಬೆನ್ನೆಲುಬಿನ ಮಣಿ ತೋರಿಸಿದೆ, ಉಪ್ಪಿನ ಗುಂಡಿ ತೋರಿಸಿದೆ. ಅವಳು ಕೈಗವಸು ಹಾಕಿಕೊಂಡು ಒಂದು ಮಣಿ ಎತ್ತಿ ನೋಡಿ ಅಲ್ಲೇ ಇಟ್ಟಳು. ಗುಂಡಿಯ ಸುತ್ತ ಜಿಂಕೆಗಳ ಹೆಜ್ಜೆ, ಇವತ್ತಿನವು.

"ಇದನ್ನ ಪರೀಕ್ಷೆ ಮಾಡಿದ್ರೆ ಗೊತ್ತಾಗತ್ತಲ್ಲ?" ಎಂದೆ.

"ನಾಲ್ಕು ವರ್ಷ ಬಿಸಿಲಲ್ಲಿ ಬಿದ್ದ ಮೂಳೆ ಏನೂ ಹೇಳಲ್ಲ. ಮಿದುಳು ಬೇಕು, ಅದು ಇಲ್ಲ. ಇಲ್ಲಿ ಓಡಾಡೋ ಜಿಂಕೆಗಳಲ್ಲಿ ರೋಗ ಜಾಸ್ತಿ ಸಿಕ್ರೆ ಇದೇ ಅಂತ ಅಂದಾಜು ಮಾಡ್ಬೋದು. ಖಂಡಿತ ಅಂತ ಯಾರೂ ಹೇಳಲ್ಲ. ಯಾವತ್ತೂ."

"ಏಪ್ರಿಲಿನಲ್ಲಿ ಬಿಟ್ಟಿದ್ರೆ?"

ಅವಳು ಕೈಗವಸು ಬಿಚ್ಚುತ್ತ ಬಹಳ ಹೊತ್ತು ತೆಗೆದುಕೊಂಡಳು. ಹುಡುಗಿಯಾಗಿದ್ದಾಗಲೂ ಉತ್ತರ ಗೊತ್ತಿದ್ದು ಹೇಳಲಾಗದಾಗ ಹೀಗೇ ಕೈ ನೋಡಿಕೊಳ್ಳುತ್ತಿದ್ದಳು.

"ಏಪ್ರಿಲಿನಲ್ಲಿ ಬಿಟ್ಟಿದ್ರೆ ಹುಡುಕೋಕೆ ಎರಡು ಜಾಗ ಇರ್ತಿತ್ತು," ಎಂದಳು.

"ಹೌದು" ಎಂಬ ಚೌಕಕ್ಕೆ ಗೀಟು ಹಾಕಿ ಸಹಿ ಮಾಡಿಕೊಟ್ಟೆ.

ಅಕ್ಟೋಬರ್ 10, ಗುರುವಾರ

ಗ್ರಾಮ ಭವನದಲ್ಲಿ ಮಾಲೀಕರ ಸಭೆ. ಗುರಿಕಾರರಿಗೆ ನಾನು ಗೇಟು ತೆರೆದದ್ದು ಸುದ್ದಿಯಾಗಿತ್ತು. ಕಾರಣ ಕೇಳಲು ಎಲ್ಲರೂ ಬಂದಿದ್ದರು. ಲೈಲ್ ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದ. ಅವನ ಪಕ್ಕದ ಎರಡೂ ಕುರ್ಚಿ ಖಾಲಿ. ಆರ್ಲಿಸ್ ಹೋಗಿ ಅಲ್ಲಿ ಕೂತಳು.

ನಾನು ಎದ್ದ ತಕ್ಷಣ ಮುಂದಿನ ಸಾಲಿನವರು ನಗುವುದಕ್ಕೆ ಸರಿಯಾಗಿ ಕೂತರು.

"ರೋಗ ತಂದೋನು ನಾನೇ ಇರಬಹುದು," ಎಂದೆ.

ನಕ್ಕರು.

"ನನ್ನ ಎಲ್ಕ್‌ನ ತಲೆ, ಬೆನ್ನೆಲುಬು ನನ್ನ ಕೊರಕಲಿಗೆ ಎಸೆದೆ. ಅದರ ಪಕ್ಕ ಉಪ್ಪು ಇಟ್ಟೋನೂ ನಾನೇ."

ಇನ್ನೂ ಜೋರಾಗಿ ನಕ್ಕರು. ಎಲ್ಕ್ ಎಂಬ ಮಾತು ಕಿವಿಗೆ ಬಿದ್ದದ್ದೇ ಯಾರೋ ಕೂಗಿದರು, "ತೆವಳಿದ್ದು ಹೇಳಿ ಮೇಷ್ಟ್ರೇ, ತೆವಳಿದ್ದು."

"ತೆವಳಲಿಲ್ಲ. ಉಚ್ಚೆ ಹೊಯ್ಯೋಕೆ ಲಾರಿ ನಿಲ್ಲಿಸಿದ್ವಿ. ಅದು ಹಳ್ಳದ ಹತ್ತಿರ ತಲೆ ಜೋತು ಹಾಕ್ಕೊಂಡು ನಿಂತಿತ್ತು."

ಒಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ, ನಗು ತಡೆಯಲಾರದೆ. ಇವರ ತಪ್ಪಲ್ಲ. ಮೇಷ್ಟ್ರು ಎದ್ದು ನಿಂತರೆ ನಗಬೇಕೆಂದು ಮೂವತ್ತೊಂದು ವರ್ಷ ಇವರಿಗೆ ಕಲಿಸಿದವನು ನಾನು. ಕಲಿಸಿದ್ದನ್ನು ನಿಂತ ಕಾಲಲ್ಲಿ ಅಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಕೂರಲಿಲ್ಲ, ಅಷ್ಟೇ. ಮತ್ತೆ ಮೊದಲಿನಿಂದ ಹೇಳಿದೆ. ಯಾವ ತಾರೀಖು, ಯಾವ ಹಳ್ಳ, ಜೊಲ್ಲು ಎಲ್ಲಿಯವರೆಗೆ ಇಳಿದಿತ್ತು, ಪಕ್ಕೆಲುಬು ಹೇಗೆ ಎಣಿಸಬಹುದಿತ್ತು, ಗರಗಸ ಯಾವುದು, ಎಸೆದ ಜಾಗ ಯಾವುದು. ಮಕ್ಕಳಿಗೆ ಇಸವಿ ಬರೆಸುವ ದನಿಯಲ್ಲಿ ಹೇಳಿದೆ. ನಗು ಮೊದಲು ಹಿಂದಿನ ಸಾಲಿನಲ್ಲಿ ನಿಂತಿತು, ಆಮೇಲೆ ನಡುವೆ, ಕೊನೆಗೆ ಮುಂದೆ.

"ಭಾವ, ಸಾಕು. ಕೂತ್ಕೋ," ಎಂದ ಗೋರ್ಡಿ.

"ನಾವು ಇಳಿದಾಗ ಲಾರಿ ಬಾಗಿಲು ಧಡಾರ್ ಅಂತ ಬಡೀತು. ಆಗಲೂ ಅದು ಓಡಲಿಲ್ಲ. ಸೊರಗುಮನೆ ಅನ್ನೋ ಹೆಸರಿಟ್ಟೋನೂ ನಾನೇ, ಗೋರ್ಡಿ ಅಲ್ಲ."

ಗೋರ್ಡಿ ಟೊಪ್ಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತಿದ್ದ. ನಿಲ್ಲಿಸಿದ. ಅವನು ಇಲ್ಲ ಎನ್ನಲಿಲ್ಲ. ಅದಕ್ಕಿಂತ ಹೆಚ್ಚು ಅವನಿಂದ ಕೇಳುವ ಹಕ್ಕು ನನಗಿಲ್ಲ.

ಆಗ ಲೈಲ್ ಎದ್ದ. ಮಾತಾಡಲು ಎದ್ದನೋ ಹೊರಡಲು ಎದ್ದನೋ ಗೊತ್ತಾಗಲಿಲ್ಲ.

"ಅದು ಸರಿಯಿಲ್ಲ ಅಂತ ಆವತ್ತೇ ಗೊತ್ತಿತ್ತಾ?" ಎಂದ.

ರೋಗದ ಹೆಸರೇ ಆಗ ಗೊತ್ತಿರಲಿಲ್ಲ ಎಂಬ ಉತ್ತರ ನನ್ನ ಬಳಿ ಇತ್ತು. ನಿಜವಾದ ಉತ್ತರವೇ. ತಿಂಗಳುಗಟ್ಟಲೆ ತಿದ್ದಿ ನುಣುಪು ಮಾಡಿ ಇಟ್ಟುಕೊಂಡಿದ್ದೆ.

"ಗೊತ್ತಿತ್ತು," ಎಂದೆ. "ಕೊಂಬು ದೊಡ್ಡದಿತ್ತು."

ಲೈಲ್ ಕೋಟಿನ ಗುಂಡಿ ಹಾಕಿಕೊಂಡ. "ಬೋರ್ಗಿಲ್ಡ್ ಮಾತ್ರ ಕರೆದಾಗ ಬರಲಿಲ್ಲ," ಎಂದ. "ನಾನೇ ಹೋಗಿ ಕರ್ಕೊಂಡು ಬಂದೆ." ಆಮೇಲೆ ಬಾಗಿಲು ತೆಗೆದುಕೊಂಡು ಹೊರಟುಹೋದ.

 ಗಲ್ಲಾಪೆಟ್ಟಿಗೆಯ ಪಕ್ಕದಿಂದ ತಂದು ಮೇಜಿನ ಮೇಲಿಟ್ಟಿದ್ದ ಆ ಹದಿನೆಂಟು ಸಹಿಯ ಕಾಗದದಿಂದ ನನ್ನ ಹೆಸರು ಹೊಡೆದುಹಾಕಿ ಬಂದೆ. ಕಾರನ್ನು ಆರ್ಲಿಸ್ ಓಡಿಸಿದಳು.

ಅಕ್ಟೋಬರ್ 14, ಸೋಮವಾರ

ಏಳಕ್ಕೆ ಮೂರು ಗಾಡಿ ಬಂದವು. ಮಧ್ಯಾಹ್ನದೊಳಗೆ ಹನ್ನೊಂದು ಜಿಂಕೆ ಬಿದ್ದವು. ಎರಡು ನೋಡುವುದಕ್ಕೇ ಬಡಕಲು. ಮಿಕ್ಕವು ಚೆನ್ನಾಗಿ ಕಂಡವು. ಹಾಗೆ ಕಂಡದ್ದರಿಂದ ಏನೂ ತಿಳಿಯುವುದಿಲ್ಲ ಎಂದು ರೆನಾಟಾ ಹೇಳಿದಳು. ಫಲಿತಾಂಶಕ್ಕೆ ಆರು ವಾರ. ಲೈಲ್‌ನ ಮನೆಯ ಮುಂದೆ ಮಾರಾಟದ ಫಲಕ ಇನ್ನೂ ಇದೆ. ಪೇಟೆಗೆ ಕೆಳಗಿನ ರಸ್ತೆಯಿಂದಲೇ ಹೋಗಿ ಬಂದೆ. ಅವನು ಅಂಗಳದಲ್ಲಿದ್ದ. ನಾನು ಕೈ ಎತ್ತಿದೆ. ಅವನು ಎತ್ತಲಿಲ್ಲ.

ಸಂಜೆ ರೆನಾಟಾ ಗಾಡಿಯ ಹಿಂಬದಿಯಲ್ಲಿ ಕೂತು ಪ್ರತಿ ತಲೆಯ ಕಿವಿಗೂ ಒಂದೊಂದು ಚೀಟಿ ಕಟ್ಟುತ್ತಿದ್ದಳು. ಸಿಕ್ಕ ಜಾಗದ ಹೆಸರು ಬರೆಯಬೇಕಂತೆ.

"ಈ ಕೊರಕಲಿಗೆ ಹೆಸರೇನಾದ್ರೂ ಇದೆಯಾ, ಮೇಷ್ಟ್ರೇ?"

"ಆಸ್ಟ್ರೆಮ್ ಕೊರಕಲು ಅಂತ ಬರಿ."

"ಜನ ಹಂಗೆ ಕರೀತಾರಾ?"

"ಇನ್ಮೇಲೆ ಕರೀತಾರೆ."

ಅವಳು ಕಾಗುಣಿತ ಕೇಳಿದಳು. ನನ್ನ ಹೆಸರಿನ ಒಂದೊಂದೇ ಅಕ್ಷರ ಹೇಳಿ ಬರೆಸಿದೆ, ಹನ್ನೊಂದು ಸಲ.